ಕನ್ನಡ ತರಗತಿಯಲ್ಲಿ ಗಣಕಯಂತ್ರ: ಕಚೇರಿ ಕೌಶಲಗಳನ್ನು ಕಲಿಸುವ ಬಗೆ

ಭಾಷಾ ವಿದ್ಯಾರ್ಥಿಗಳಿಗೆ ಉದ್ಯೋಗ ಕೌಶಲಗಳನ್ನು ಕಲಿಸಬೇಕೆಂಬ ಮಾತು ಈಗ ಪಠ್ಯಕ್ರಮದ ಅಂಗವೇ ಆಗಿದೆ. ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ 2024ರಿಂದ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯು ಕೌಶಲವರ್ಧನ ಪತ್ರಿಕೆಗಳಿಗೂ ಇಂಟರ್ನ್‌ಶಿಪ್‌ಗೂ ಸ್ಥಾನ ಕಲ್ಪಿಸಿದೆ. ಆದರೆ ರೂಢಿಯಲ್ಲಿ ಈ ಕಲಿಕೆ ಎರಡು ಕೊಠಡಿಗಳಲ್ಲಿ ಹಂಚಿಹೋಗುತ್ತದೆ. ಗಣಕಯಂತ್ರದ ಪಾಠ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಉದಾಹರಣೆಗಳೊಂದಿಗೆ ಒಂದು ಕಡೆ ನಡೆಯುತ್ತದೆ. ಕನ್ನಡದ ಪಾಠ ಕಾಗದ ಮತ್ತು ಲೇಖನಿಗಳೊಂದಿಗೆ ಇನ್ನೊಂದು ಕಡೆ ನಡೆಯುತ್ತದೆ. ಎರಡರಲ್ಲಿಯೂ ಉತ್ತೀರ್ಣನಾದ ವಿದ್ಯಾರ್ಥಿಗೆ ಕನ್ನಡದಲ್ಲಿ ಒಂದು ಅಧಿಕೃತ ಪತ್ರವನ್ನು ಬೆರಳಚ್ಚಿಸಿ, ತಿದ್ದಿ, ಸರಿಯಾದ ರೂಪದಲ್ಲಿ ಕಳುಹಿಸಲು ಬರುವುದಿಲ್ಲವೆಂದರೆ ಆಶ್ಚರ್ಯವಿಲ್ಲ. ಅದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಈ ಕೆಲಸವನ್ನು ಕನ್ನಡ ತರಗತಿಯೇ ವಹಿಸಿಕೊಳ್ಳಬೇಕೆಂಬುದು ಈ ಲೇಖನದ ನಿಲುವು. ಅದಕ್ಕೆ ಕಾರಣವನ್ನೂ ಕ್ರಮವನ್ನೂ ಮುಂದೆ ವಿವರಿಸಲಾಗಿದೆ.

ಹಕ್ಕು ಮತ್ತು ಅದನ್ನು ನಡೆಸುವ ಕೈ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ವಿಷಯದಲ್ಲಿ ವಿಶೇಷ ಅವಕಾಶವೊಂದನ್ನು ಇರಿಸಿದೆ. ಸರಕಾರದ ಸಚಿವಾಲಯದೊಡನೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಕಚೇರಿಗಳೊಡನೆಯೂ ಅವರು ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದು; ಅದಕ್ಕೆ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ಈ ನಿಯಮದ ಎರಡನೆಯ ಭಾಗವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿ ಉತ್ತರ ಬರಬೇಕಾದರೆ ಕಚೇರಿಯ ಒಳಗೆ ಕುಳಿತವರೊಬ್ಬರು ಆ ಅರ್ಜಿಯನ್ನು ಓದಿ, ಮಲಯಾಳದ ಆದೇಶವನ್ನು ಅರ್ಥಮಾಡಿಕೊಂಡು, ಕನ್ನಡದಲ್ಲಿ ಕರಡು ಸಿದ್ಧಪಡಿಸಿ, ಗಣಕಯಂತ್ರದಲ್ಲಿ ಮೂಡಿಸಬೇಕು. ಕಡತಗಳೆಲ್ಲ ಕಾಗದದಿಂದ ಪರದೆಗೆ ಸರಿಯುತ್ತಿರುವ ಕಾಲದಲ್ಲಿ ಕೈಬರಹದ ಕನ್ನಡವಷ್ಟೇ ಸಾಲದು. ಪರದೆಯ ಮೇಲೆ ಕನ್ನಡದಲ್ಲಿ ಕೆಲಸ ಮಾಡುವ ಕೈ ಇಲ್ಲದಿದ್ದರೆ ಕಾಯಿದೆಯ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದು ಕೇರಳ ಲೋಕಸೇವಾ ಆಯೋಗವು ಪ್ರತ್ಯೇಕವಾಗಿ ಹುದ್ದೆಗಳನ್ನು ಕರೆಯುವುದುಂಟು. ಆ ಹುದ್ದೆಗೆ ಹೋಗುವವನು ಕೇವಲ ತನ್ನ ಸಂಬಳಕ್ಕಾಗಿ ಹೋಗುವುದಿಲ್ಲ. ನೂರಾರು ಮಂದಿ ಕನ್ನಡಿಗರ ಪತ್ರಗಳಿಗೆ ಉತ್ತರ ಕೊಡುವವನಾಗಿ ಹೋಗುತ್ತಾನೆ.

ನಮ್ಮ ವಿದ್ಯಾರ್ಥಿಗಳು ಬರಿಗೈಯಲ್ಲಿ ಕಾಲೇಜಿಗೆ ಬರುವುದಿಲ್ಲವೆಂಬುದೂ ನೆನಪಿನಲ್ಲಿರಬೇಕು. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಹೆಸರಿನಲ್ಲಿ ಆರಂಭವಾಗಿ ಇಂದು ‘ಕೈಟ್’ ಸಂಸ್ಥೆಯ ಮೂಲಕ ಮುಂದುವರಿಯುತ್ತಿರುವ ಕೇರಳದ ಶಾಲಾ ಗಣಕಶಿಕ್ಷಣವು ಸ್ವತಂತ್ರ ತಂತ್ರಾಂಶಗಳನ್ನು ಆಧರಿಸಿದೆ. ಅದರ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿಯೇ ದೊರೆಯುತ್ತವೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಕವನ್ನು ಕಲಿತ ವಿದ್ಯಾರ್ಥಿ ಪದವಿಯ ಕನ್ನಡ ತರಗತಿಯಲ್ಲಿ ಅದನ್ನು ಮರೆಯುವಂತಾಗುವುದು ನಷ್ಟವೇ ಸರಿ.

ಮೊದಲ ಪಾಠ: ಅಕ್ಷರವು ಯಂತ್ರದೊಳಗೆ ಇರುವ ಬಗೆ

ಬೆರಳಚ್ಚನ್ನು ಕೇವಲ ಬೆರಳಿನ ಅಭ್ಯಾಸವಾಗಿ ಕಲಿಸುವುದಕ್ಕಿಂತ ವ್ಯಾಕರಣದ ಮುಂದುವರಿಕೆಯಾಗಿ ಕಲಿಸುವುದು ಮೇಲು. ‘ಸ್ತ್ರೀ’ ಎಂಬ ಒಂದಕ್ಷರದ ಪದವನ್ನು ತೆಗೆದುಕೊಳ್ಳೋಣ. ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದೊಳಗೆ ಅದು ಆರು ಸಂಕೇತಗಳಾಗಿ ಸಂಗ್ರಹವಾಗುತ್ತದೆ: ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೆ ಹಲಂತ ಚಿಹ್ನೆ, ರಕಾರ, ಈಕಾರದ ಚಿಹ್ನೆ. ವ್ಯಾಕರಣದ ತರಗತಿಯಲ್ಲಿ ನಾವು ಮಾಡುವ ವರ್ಣ ವಿಭಜನೆಗೂ ಇದಕ್ಕೂ ಇರುವ ಸಾಮ್ಯ ವಿದ್ಯಾರ್ಥಿಗೆ ಕೂಡಲೇ ಹೊಳೆಯುತ್ತದೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ನಾವು ಯಕಾರದ ಬಳಿಕ ಬರೆಯುತ್ತೇವೆ. ಆದರೆ ಯಂತ್ರದಲ್ಲಿ ರಕಾರವೇ ಮೊದಲು, ಯಕಾರ ಆಮೇಲೆ. ಯಂತ್ರವು ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ, ಬರಹದ ರೂಪವನ್ನು ಪ್ರದರ್ಶನದ ಹೊತ್ತಿಗೆ ಕಟ್ಟಿಕೊಳ್ಳುತ್ತದೆ.

ಈ ವ್ಯವಸ್ಥೆಯ ಹೆಸರು ಯುನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಕನ್ನಡ ಲಿಪಿಗಾಗಿ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ಅದು ಬಳಕೆಗೆ ಬರುವ ಮುನ್ನ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇರಿಸಿಕೊಂಡಿದ್ದವು. ಆದ್ದರಿಂದಲೇ ಅಂತಹ ಹಳೆಯ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಅದರಲ್ಲಿ ಪದವನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಇಂದು ಆ ತಂತ್ರಾಂಶಗಳೂ ಯುನಿಕೋಡನ್ನು ಒಪ್ಪಿಕೊಂಡಿವೆ. ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳೂ ಇವೆ. ಒಂದು ಮುದ್ರಣಾಲಯಕ್ಕೋ ಸಹಕಾರಿ ಸಂಘಕ್ಕೋ ಕೆಲಸಕ್ಕೆ ಹೋದ ವಿದ್ಯಾರ್ಥಿ ಇಷ್ಟನ್ನು ತಿಳಿದಿದ್ದರೆ, ಹತ್ತು ವರ್ಷಗಳ ಹಿಂದಿನ ಕಡತ ‘ಕೆಟ್ಟುಹೋಗಿದೆ’ ಎಂದು ಅದನ್ನು ಅಳಿಸಿಹಾಕುವುದಿಲ್ಲ.

ಕೀಲಿಮಣೆಯ ವಿಷಯದಲ್ಲಿ ಒಂದು ವಿನ್ಯಾಸವನ್ನು ಆರಿಸಿ ಅದನ್ನೇ ಬಿಡದೆ ಅಭ್ಯಾಸ ಮಾಡಬೇಕು. ‘ನುಡಿ’ಯಲ್ಲಿರುವ ವಿನ್ಯಾಸವು ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಕೊಡುಗೆಯನ್ನು ಆಧರಿಸಿದೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ‘ಇನ್‌ಸ್ಕ್ರಿಪ್ಟ್’ ಇನ್ನೊಂದು. ಇನ್‌ಸ್ಕ್ರಿಪ್ಟ್ ಕಲಿತವನಿಗೆ ಗಡಿನಾಡಿನಲ್ಲಿ ಒಂದು ಹೆಚ್ಚಿನ ಲಾಭವಿದೆ: ಕನ್ನಡದ ಕಕಾರವಿರುವ ಕೀಲಿಯಲ್ಲಿಯೇ ಮಲಯಾಳದ ಕಕಾರವೂ ಇರುವುದರಿಂದ ಒಂದು ಅಭ್ಯಾಸವೇ ಎರಡು ಭಾಷೆಗಳಿಗೆ ಒದಗುತ್ತದೆ.

ಹಳಗನ್ನಡ ಓದುವವರಿಗೆ ಯುನಿಕೋಡಿನಲ್ಲಿ ಒಂದು ಕುತೂಹಲದ ಸಂಗತಿಯಿದೆ. ನಮ್ಮ ‘ೞ’ ಅಕ್ಷರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದುದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ತಿದ್ದುಪಡಿಯಾಗಿ ಪಕ್ಕದಲ್ಲಿ ನಿಂತಿದೆ. ‘ಮೞೆ’, ‘ಏೞ್’ ಎಂಬ ಪದಗಳಲ್ಲಿನ ಈ ಅಕ್ಷರದ ಧ್ವನಿಯನ್ನು ಮಲಯಾಳದಲ್ಲಿ ದಿನವೂ ಕೇಳುವ ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಬೆರಳಚ್ಚಿಸಲು ಕಲಿಸುವುದು ಕಷ್ಟವಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿಗೂ ಸ್ಥಾನ ದೊರೆತಿದೆ. ತುಳು ಹಸ್ತಪ್ರತಿಗಳ ಈ ನೆಲದಲ್ಲಿ ಅದೂ ಮುಂದೆ ಕೆಲಸದ ಕ್ಷೇತ್ರವಾಗಬಲ್ಲದು.

ಅಭ್ಯಾಸ: ಪಠ್ಯದ ಒಂದು ಹಳಗನ್ನಡ ಪದ್ಯವನ್ನು ಯುನಿಕೋಡಿನಲ್ಲಿ ಬೆರಳಚ್ಚಿಸಿ. ಅದರಲ್ಲಿ ಬರುವ ಐದು ಸಂಯುಕ್ತಾಕ್ಷರಗಳನ್ನು ಸಂಕೇತಗಳಾಗಿ ಬಿಡಿಸಿ ಬರೆಯಿರಿ.

ಎರಡನೆಯ ಪಾಠ: ಪದಪಟ್ಟಿಯ ಕೋಷ್ಟಕ

ಕೋಷ್ಟಕ ತಂತ್ರಾಂಶವನ್ನು ಸಾಮಾನ್ಯವಾಗಿ ಲೆಕ್ಕಪತ್ರದ ಉದಾಹರಣೆಗಳಿಂದ ಕಲಿಸುತ್ತಾರೆ. ಭಾಷಾ ವಿದ್ಯಾರ್ಥಿಗೆ ಅದಕ್ಕಿಂತ ಹತ್ತಿರದ ವಸ್ತುವೊಂದಿದೆ: ಕಚೇರಿ ಮಲಯಾಳ ಮತ್ತು ಕಚೇರಿ ಕನ್ನಡಗಳ ಪದಪಟ್ಟಿ. ಎರಡೂ ಭಾಷೆಗಳು ಸಂಸ್ಕೃತದಿಂದ ಧಾರಾಳವಾಗಿ ಪದಗಳನ್ನು ಪಡೆದಿವೆ. ಆದರೆ ಒಂದೇ ಪದ ಎರಡು ಕಡೆ ಬೇರೆ ಬೇರೆ ಅರ್ಥಗಳಲ್ಲಿ ನೆಲೆನಿಂತಿದೆ. ಇಲ್ಲಿಯೇ ಅನುವಾದಕನು ಎಡವುವುದು.

ಮಲಯಾಳದ ‘ಅಪೇಕ್ಷ’ ಎಂದರೆ ಅರ್ಜಿ. ಕನ್ನಡದಲ್ಲಿ ಅಪೇಕ್ಷೆ ಎಂದರೆ ಬಯಕೆ. ಮಲಯಾಳದ ‘ಅವಕಾಶಂ’ ಎಂದರೆ ಹಕ್ಕು. ಕನ್ನಡದಲ್ಲಿ ಅವಕಾಶವೆಂದರೆ ಸಂದರ್ಭ, ಅನುಕೂಲ. ಆ ಅರ್ಥಕ್ಕೆ ಮಲಯಾಳದಲ್ಲಿರುವ ಪದ ‘ಅವಸರಂ’; ಕನ್ನಡದಲ್ಲಿ ಅವಸರವೆಂದರೆ ತರಾತುರಿ. ಹೀಗಾಗಿ ‘ತೊೞಿಲವಸರಂ’ ಎಂಬ ಉದ್ಯೋಗಾವಕಾಶದ ಪ್ರಕಟಣೆ ಕನ್ನಡದ ಕಿವಿಗೆ ಕೆಲಸದ ಗಡಿಬಿಡಿಯಂತೆ ಕೇಳಿಸುತ್ತದೆ. ಮಲಯಾಳದ ‘ಆಧಾರಂ’ ಭೂಮಿಯ ನೋಂದಾಯಿತ ದಸ್ತಾವೇಜನ್ನು ಸೂಚಿಸಿದರೆ, ಕನ್ನಡದ ಆಧಾರ ಆಸರೆಯನ್ನೋ ಪ್ರಮಾಣವನ್ನೋ ಹೇಳುತ್ತದೆ. ‘ಅನುವಾದಂ’ ಎಂದರೆ ಅಲ್ಲಿ ಅನುಮತಿ. ‘ಅನುವಾದಮಿಲ್ಲಾತೆ ಪ್ರವೇಶಿಕ್ಕರುತ್’ ಎಂಬ ಫಲಕವನ್ನು ಮಲಯಾಳ ತಿಳಿಯದ ಕನ್ನಡಿಗ ಓದಿದರೆ ಭಾಷಾಂತರವಿಲ್ಲದೆ ಒಳಗೆ ಬರಬಾರದೆಂದು ತಿಳಿದಾನು!

ನಗೆ ತರಿಸುವ ಈ ವ್ಯತ್ಯಾಸಗಳು ಕಡತದಲ್ಲಿ ಬಂದಾಗ ನಗೆಯ ವಿಷಯವಾಗಿ ಉಳಿಯುವುದಿಲ್ಲ. ಭೂಮಿಯ ‘ಹಕ್ಕು’ ಎಂದಿರಬೇಕಾದಲ್ಲಿ ‘ಅವಕಾಶ’ ಎಂದು ಬಿದ್ದರೆ, ಓದುವ ರೈತನಿಗೆ ತನ್ನ ಹಕ್ಕು ಸ್ಥಾಪಿತವಾಗಿದೆಯೇ ಅಥವಾ ಮುಂದೆ ಎಂದೋ ದೊರೆಯಬಹುದೇ ಎಂಬುದು ತಿಳಿಯದು.

ವಿದ್ಯಾರ್ಥಿಗಳು ಇಂತಹ ಪದಗಳನ್ನು ಆರು ಅಂಕಣಗಳಲ್ಲಿ ತುಂಬಲಿ: ಮಲಯಾಳ ಪದ, ಅದರ ಕಚೇರಿ ಅರ್ಥ, ತಕ್ಕ ಕನ್ನಡ ಪದ, ತಪ್ಪಾಗಿ ಬರಬಹುದಾದ ಪದ, ಒಂದು ಉದಾಹರಣೆ ವಾಕ್ಯ, ಪದ ದೊರೆತ ಸ್ಥಳ. ಕೊನೆಯ ಅಂಕಣ ಬಹಳ ಮುಖ್ಯ. ಎಲ್ಲಿಂದ ಬಂದಿತೆಂದು ಹೇಳಲಾಗದ ಪದವನ್ನು ಇನ್ನೊಬ್ಬರು ಪರಿಶೀಲಿಸಲಾರರು. ಅಕಾರಾದಿ ಜೋಡಣೆ, ಸೋಸುವಿಕೆ, ಪುನರಾವರ್ತನೆಯ ಪತ್ತೆ ಮೊದಲಾದ ಕೋಷ್ಟಕದ ಕ್ರಿಯೆಗಳೆಲ್ಲ ಈ ಕೆಲಸದ ನಡುವೆಯೇ ಅಗತ್ಯವಾಗಿ ಬರುತ್ತವೆ, ಆದ್ದರಿಂದ ನೆನಪಿನಲ್ಲಿಯೂ ನಿಲ್ಲುತ್ತವೆ.

ಅಭ್ಯಾಸ: ಪ್ರತಿಯೊಬ್ಬರೂ ಪಂಚಾಯತ್ ಕಚೇರಿ, ಗ್ರಾಮ ಕಚೇರಿ, ಬ್ಯಾಂಕುಗಳ ಸಾರ್ವಜನಿಕ ಫಲಕ ಮತ್ತು ನಮೂನೆಗಳಿಂದ ಹತ್ತು ಪದಗಳನ್ನು ತನ್ನಿ. ತರಗತಿಯ ಒಂದೇ ಕೋಷ್ಟಕದಲ್ಲಿ ಅವನ್ನು ಸೇರಿಸಿ, ಎರಡು ಬಾರಿ ಬಂದವನ್ನು ಗುರುತಿಸಿ.

ಮೂರನೆಯ ಪಾಠ: ಯಂತ್ರಾನುವಾದವನ್ನು ತೂಗಿ ನೋಡುವುದು

ಇಂದು ಯಂತ್ರಾನುವಾದ ಎಲ್ಲರ ಕೈಯ ಮೊಬೈಲಿನಲ್ಲಿಯೂ ಇದೆ. ಭಾರತ ಸರಕಾರವು 2022ರಲ್ಲಿ ‘ಭಾಷಿಣಿ’ ಎಂಬ ವೇದಿಕೆಯನ್ನು ಭಾರತೀಯ ಭಾಷೆಗಳಿಗಾಗಿ ಆರಂಭಿಸಿತು. ವಿದ್ಯಾರ್ಥಿಗಳು ಅವನ್ನು ಬಳಸಬಾರದೆಂದು ವಿಧಿಸುವುದರಿಂದ ಪ್ರಯೋಜನವಿಲ್ಲ, ಕಚೇರಿಗಳಲ್ಲಿ ಅವರು ಬಳಸಿಯೇ ಬಳಸುತ್ತಾರೆ. ಕಲಿಸಬೇಕಾದುದು ಯಂತ್ರ ಕೊಟ್ಟ ಕರಡನ್ನು ಪರೀಕ್ಷಿಸುವ ಕ್ರಮವನ್ನು.

ಮೊದಲನೆಯದಾಗಿ, ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕದಲ್ಲಿಟ್ಟು ವಾಕ್ಯವಾಕ್ಯವಾಗಿ ಓದಬೇಕು. ಎರಡನೆಯದಾಗಿ, ಮೇಲಿನ ಪದಪಟ್ಟಿಯಲ್ಲಿರುವ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಬೇಕು. ಮೂರನೆಯದಾಗಿ, ಸಂಖ್ಯೆ, ದಿನಾಂಕ, ಹೆಸರು, ಸರ್ವೆ ನಂಬರು ಇವನ್ನು ಮೂಲದೊಡನೆ ತಾಳೆ ನೋಡಬೇಕು. ನಾಲ್ಕನೆಯದಾಗಿ, ನಿಷೇಧಾರ್ಥದ ವಾಕ್ಯಗಳನ್ನು ಮತ್ತೊಮ್ಮೆ ಓದಬೇಕು. ಒಂದು ‘ಇಲ್ಲ’ ಬಿಟ್ಟುಹೋದರೆ ಆದೇಶವೇ ತಿರುಗುಮುರುಗಾಗುತ್ತದೆ. ಕೊನೆಯಲ್ಲಿ ಮೂಲವನ್ನು ಬದಿಗಿಟ್ಟು, ಕನ್ನಡವನ್ನು ಮಾತ್ರ ಗಟ್ಟಿಯಾಗಿ ಓದಬೇಕು. ಮಲಯಾಳದ ವಾಕ್ಯರಚನೆ ಕನ್ನಡದೊಳಗೆ ನುಸುಳಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಇದರೊಡನೆ ಇನ್ನೊಂದು ಶಿಸ್ತನ್ನೂ ಕಲಿಸಬೇಕು. ನಿಜವಾದ ಅರ್ಜಿಯೊಂದರಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ರೋಗದ ವಿವರ, ಸಾಲದ ವಿವರ ಇರುತ್ತವೆ. ಅವನ್ನು ಹೊರಗಿನ ಅನುವಾದ ಸೇವೆಗೆ ತುಂಬುವುದು ಅರ್ಜಿದಾರರ ವಿಶ್ವಾಸಕ್ಕೆ ಧಕ್ಕೆ ತರುವ ಕೆಲಸ. ತರಗತಿಯ ಅಭ್ಯಾಸಕ್ಕೆ ಕಲ್ಪಿತ ವಿವರಗಳ ಅರ್ಜಿಗಳನ್ನೇ ಸಿದ್ಧಪಡಿಸಬೇಕು. ಆ ಎಚ್ಚರವೇ ಮುಂದೆ ಕಚೇರಿಯ ನಡತೆಯಾಗುತ್ತದೆ.

ಅಭ್ಯಾಸ: ಮಲಯಾಳದ ಒಂದು ಸಾರ್ವಜನಿಕ ಪ್ರಕಟಣೆಯನ್ನು ಯಂತ್ರದಿಂದ ಅನುವಾದಿಸಿ. ತಿದ್ದಿದ ಪ್ರತಿಯೊಂದು ಪದಕ್ಕೂ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ.

ನಾಲ್ಕನೆಯ ಪಾಠ: ಒಂದು ಪತ್ರ, ನಾಲ್ಕು ಪಾತ್ರಗಳು

ಕಚೇರಿಯ ಪತ್ರವನ್ನು ಒಬ್ಬನೇ ಬರೆದು ಮುಗಿಸುವುದು ವಿರಳ. ಒಬ್ಬರು ಕರಡು ಬರೆಯುತ್ತಾರೆ, ಇನ್ನೊಬ್ಬರು ಪರಿಶೀಲಿಸುತ್ತಾರೆ, ಮೇಲಿನವರು ಷರಾ ಬರೆಯುತ್ತಾರೆ, ಕೊನೆಗೆ ಒಪ್ಪಿಗೆಯಾಗಿ ಹೊರಡುತ್ತದೆ. ಅಂತರಜಾಲದಲ್ಲಿ ಹಂಚಿಕೊಂಡು ಬರೆಯುವ ಕಡತಗಳು ಈ ಕ್ರಮವನ್ನು ತರಗತಿಗೆ ತರಲು ತಕ್ಕ ಸಾಧನ. ನಾಲ್ವರ ಗುಂಪಿನಲ್ಲಿ ಒಬ್ಬ ಅರ್ಜಿದಾರ, ಒಬ್ಬ ಕರಡು ಬರೆಯುವವ, ಒಬ್ಬ ಭಾಷಾ ಪರಿಶೀಲಕ, ಒಬ್ಬ ಅಧಿಕಾರಿ. ಪರಿಶೀಲಕನು ಕರಡನ್ನು ನೇರವಾಗಿ ಬದಲಿಸದೆ ಅಂಚಿನಲ್ಲಿ ಟಿಪ್ಪಣಿ ಬರೆಯಬೇಕು. ಕರಡು ಬರೆದವನು ಅದನ್ನು ಒಪ್ಪಬೇಕು ಇಲ್ಲವೇ ಕಾರಣ ಕೊಟ್ಟು ನಿರಾಕರಿಸಬೇಕು. ಕಡತದ ಹಿಂದಿನ ಆವೃತ್ತಿಗಳು ಉಳಿಯುವುದರಿಂದ ಯಾರು ಏನನ್ನು ಯಾವಾಗ ತಿದ್ದಿದರೆಂಬುದು ಕಾಣುತ್ತದೆ. ಮುಂದಿನ ವಾರ ಪಾತ್ರಗಳು ಬದಲಾಗಬೇಕು.

ವಿಷಯ, ಉಲ್ಲೇಖ, ಸಂಬೋಧನೆ, ಒಕ್ಕಣೆ, ಲಗತ್ತುಗಳ ಪಟ್ಟಿ ಎಂಬ ಪತ್ರಾಂಗಗಳು ನಮ್ಮ ಪಠ್ಯದಲ್ಲಿ ಮೊದಲಿನಿಂದಲೂ ಇವೆ. ಮಿಂಚಂಚೆಯಲ್ಲಿ ಅವೇ ಬೇರೆ ಸ್ಥಳಗಳಿಗೆ ಹೋಗುತ್ತವೆ. ವಿಷಯದ ಸಾಲನ್ನು ಖಾಲಿ ಬಿಡದಿರುವುದು, ಕಡತಕ್ಕೆ ದಿನಾಂಕ ಮತ್ತು ವಿಷಯ ತಿಳಿಯುವ ಹೆಸರಿಡುವುದು, ಲಗತ್ತಿಸಿದ್ದೇವೆಂದು ಬರೆದ ಮೇಲೆ ನಿಜವಾಗಿಯೂ ಲಗತ್ತಿಸುವುದು, ಫಾಂಟು ಬದಲಾಗದಂತೆ ಪಿಡಿಎಫ್ ರೂಪದಲ್ಲಿ ಕಳುಹಿಸುವುದು ಇವು ಸಣ್ಣ ವಿಷಯಗಳಂತೆ ತೋರುತ್ತವೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಲ್ಲಿ ಹೊಸಬನನ್ನು ಅಳೆಯುವುದು ಇವುಗಳಿಂದಲೇ.

ಐದನೆಯ ಪಾಠ: ಗೋವಿಂದ ಪೈಗಳ ಪುಟಗಳು

ಕೊನೆಯ ಪಾಠವು ಕರಡಚ್ಚು ತಿದ್ದುವಿಕೆಯದು. ಅದಕ್ಕೆ ಮಂಜೇಶ್ವರದಷ್ಟು ಹತ್ತಿರದಲ್ಲಿ ಸಾಮಗ್ರಿಯಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಜೀವಿತಕಾಲದಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು, ಅವನು ನಿಧನನಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಹೀಗಾಗಿ ‘ಗಿಳಿವಿಂಡು’, ‘ಗೊಲ್ಗೊಥಾ’ ಮೊದಲಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. 2015ರಲ್ಲಿ ನಿಧನರಾದ ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ ಆ ದಿನ ಬರುವುದು 2076ರ ಜನವರಿ 1ರಂದು. ಹಳೆಯ ಕೃತಿಯ ಹೊಸ ಆವೃತ್ತಿಯಲ್ಲಿರುವ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳ ಹಕ್ಕು ಬೇರೆ ಎಂಬುದನ್ನೂ ಮರೆಯಬಾರದು. ಈ ಲೆಕ್ಕವನ್ನು ಮಾಡಲು ಬರುವುದೇ ಪ್ರಕಾಶನ ಕ್ಷೇತ್ರದಲ್ಲಿ ಒಂದು ಅರ್ಹತೆ.

ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟದ ಚಿತ್ರ ಒಂದು ಬದಿಗೂ ಯಂತ್ರವು ಅದರಿಂದ ಓದಿದ ಪಠ್ಯ ಇನ್ನೊಂದು ಬದಿಗೂ ಇರುತ್ತವೆ. ಯಂತ್ರವು ಪ–ವ–ಷ, ಥ–ಧ ಮೊದಲಾದ ಹೋಲುವ ಅಕ್ಷರಗಳಲ್ಲಿಯೂ ಅನುಸ್ವಾರ ಮತ್ತು ಕನ್ನಡದ ಸೊನ್ನೆಯ ನಡುವೆಯೂ ತಪ್ಪುತ್ತದೆ. ವಿದ್ಯಾರ್ಥಿ ಅದನ್ನು ತಿದ್ದಿದಾಗ ಪುಟದ ಬಣ್ಣ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಬೇರೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದ ಮೇಲೆ ಹಸಿರಾಗುತ್ತದೆ. ತಾನು ತಿದ್ದಿದ ಪುಟಕ್ಕೆ ತಾನೇ ಹಸಿರು ಬಣ್ಣ ಕೊಡುವಂತಿಲ್ಲ. ಎರಡು ಜೋಡಿ ಕಣ್ಣುಗಳ ಈ ನಿಯಮ ಒಳ್ಳೆಯ ಮುದ್ರಣಾಲಯಗಳ ಹಳೆಯ ನಿಯಮವೇ. ಈ ಅಭ್ಯಾಸದ ಫಲ ಉತ್ತರಪತ್ರಿಕೆಯ ಕಟ್ಟಿನಲ್ಲಿ ಕಳೆದುಹೋಗುವುದಿಲ್ಲ. ಜತ್ತಿನಲ್ಲಿರುವ, ಮಡಕಶಿರೆಯಲ್ಲಿರುವ ಕನ್ನಡ ಓದುಗನಿಗೂ ಅದು ದೊರೆಯುತ್ತದೆ.

ಮಿತಿಗಳು ಮತ್ತು ಮೌಲ್ಯಮಾಪನ

ಎಲ್ಲ ವಿದ್ಯಾರ್ಥಿಗಳ ಬಳಿಯೂ ಲ್ಯಾಪ್‌ಟಾಪ್ ಇರುವುದಿಲ್ಲ. ಒಳನಾಡಿನ ಮನೆಗಳಲ್ಲಿ ಜಾಲಸಂಪರ್ಕವೂ ಸಮನಾಗಿರುವುದಿಲ್ಲ. ಆದ್ದರಿಂದ ಈ ಪಾಠಗಳನ್ನು ಮನೆಗೆಲಸವಾಗಿ ಹೊರಿಸದೆ ತರಗತಿಯ ಅವಧಿಯಲ್ಲಿಯೇ ನಡೆಸಬೇಕು. ನಾಲ್ವರಿಗೆ ಒಂದು ಯಂತ್ರವಿದ್ದರೂ ಸಾಕು. ಆದರೆ ಕೀಲಿಮಣೆಯ ಮುಂದೆ ಪ್ರತಿ ಬಾರಿಯೂ ಒಬ್ಬನೇ ಕುಳಿತುಕೊಳ್ಳದಂತೆ ಅಧ್ಯಾಪಕರು ನೋಡಿಕೊಳ್ಳಬೇಕು. ಬೆರಳಚ್ಚಿನ ಆರಂಭದ ಅಭ್ಯಾಸ ಮೊಬೈಲಿನಲ್ಲಿ ನಡೆಯಬಹುದು. ಪದಸಂಸ್ಕರಣೆ ಮತ್ತು ಕೋಷ್ಟಕಗಳಿಗೆ ಲಿಬ್ರೆ ಆಫೀಸ್‌ನಂತಹ ಉಚಿತ ತಂತ್ರಾಂಶ ಸಾಕು, ಅದಕ್ಕೆ ಜಾಲಸಂಪರ್ಕವೂ ಬೇಡ.

ಮೌಲ್ಯಮಾಪನದಲ್ಲಿ ಸಿದ್ಧವಾದ ಪತ್ರದ ಅಂದಕ್ಕಿಂತ ಅದರ ಹಿಂದಿನ ಕೆಲಸಕ್ಕೆ ಹೆಚ್ಚಿನ ಅಂಕ ಸಲ್ಲಬೇಕು. ಎಷ್ಟು ತಪ್ಪುಗಳನ್ನು ಗುರುತಿಸಿದರು, ತಿದ್ದುಪಡಿಗೆ ಯಾವ ಕಾರಣ ಕೊಟ್ಟರು, ಪದಪಟ್ಟಿಗೆ ಏನನ್ನು ಸೇರಿಸಿದರು ಎಂಬುದು ಅಳತೆಯಾಗಲಿ. ಅಂತಹ ಕೆಲಸವನ್ನು ಯಂತ್ರದಿಂದ ನಕಲು ಮಾಡಿ ತರುವುದೂ ಸುಲಭವಲ್ಲ.

ಕಾವ್ಯ, ಛಂದಸ್ಸು, ವ್ಯಾಕರಣಗಳಿಗೆ ಮೀಸಲಾದ ಸಮಯವನ್ನು ಇದು ಕಸಿಯುತ್ತದೆಂಬ ಆಕ್ಷೇಪ ಬರಬಹುದು. ಮೇಲಿನ ಪಾಠಗಳಲ್ಲಿ ವರ್ಣ ವಿಭಜನೆ, ಅರ್ಥವಿಚಾರ, ವಾಕ್ಯರಚನೆ, ಪಾಠಪರಿಷ್ಕರಣೆಗಳು ಎಲ್ಲಿಯೂ ಬಿಟ್ಟುಹೋಗಿಲ್ಲ. ಅವುಗಳನ್ನು ಚೆನ್ನಾಗಿ ಬಲ್ಲವನೇ ಈ ಕೆಲಸವನ್ನೂ ಚೆನ್ನಾಗಿ ಮಾಡುತ್ತಾನೆ. ಕುಂಬಳೆಯ ಅಥವಾ ಬದಿಯಡ್ಕದ ಹಿರಿಯರೊಬ್ಬರು ಕನ್ನಡದಲ್ಲಿ ಬರೆದು ಕೊಟ್ಟ ಅರ್ಜಿಗೆ, ತಪ್ಪಿಲ್ಲದ ಕನ್ನಡದಲ್ಲಿ, ಸಕಾಲದಲ್ಲಿ ಒಂದು ಉತ್ತರ ಸಿದ್ಧವಾಗಬೇಕು. ಅದನ್ನು ಸಿದ್ಧಪಡಿಸಬಲ್ಲ ವಿದ್ಯಾರ್ಥಿಗಳನ್ನು ಪ್ರತಿ ವರ್ಷವೂ ಹೊರಗೆ ಕಳುಹಿಸುವುದು ಗಡಿನಾಡಿನ ಕನ್ನಡ ವಿಭಾಗಗಳಿಗೆ ಸಾಧ್ಯವಿರುವ ಕೆಲಸ. ಈ ಷಾಣ್ಮಾಸಿಕದಲ್ಲಿಯೇ ಪದಪಟ್ಟಿಯ ಮೊದಲ ಹತ್ತು ಪದಗಳಿಂದ ಅದನ್ನು ಆರಂಭಿಸಬಹುದು.